ಮಸೂರ

ಹತ್ತನೇ ತರಗತಿಯಲ್ಲಿ ‘ಪೀನ ಮಸೂರ’ ಎಂದು ನೂರು ಸಲವಾದರೂ ಬರೆದಿದ್ದೆ. ಆ ಮಸೂರ ಎಂದರೆ ಅಮ್ಮ ಡಬ್ಬಿಯಲ್ಲಿಟ್ಟಿದ್ದ ಚನ್ನಂಗಿ ಕಾಳೇ ಎಂದು ಗೊತ್ತಾಗಿದ್ದು ದ್ವಿತೀಯ ಪಿಯುಸಿಗೆ ಬಂದ ಮೇಲೆ. ಅಷ್ಟರಲ್ಲಿ ಆ ಪದ ನನ್ನ ಪುಸ್ತಕದಿಂದಲೇ ಮರೆಯಾಗಿತ್ತು.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. ವಕ್ರೀಭವನ ಎಂದಾಗ ಬೆಳಕು ಬಾಗುವುದು ಆ ಪದದೊಳಗೇ ಕಾಣುತ್ತಿತ್ತು. ರಿಫ್ರಾಕ್ಷನ್ ಎಂದಾಗ ಏನೂ ಕಾಣುತ್ತಿರಲಿಲ್ಲ. ಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡು ಹೇಗೋ ಒಂದು ವರ್ಷ ದಾಟಿದೆ. ಎರಡನೆಯ ವರ್ಷ ಭೌತಶಾಸ್ತ್ರದ ಮೇಷ್ಟ್ರು ಒಂದು ಬೆಳಿಗ್ಗೆ ಸಿಪ್ಪೆಯಿರುವ ಇಡೀ ಕಾಳೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. “ಎರಡೂ ಕಡೆ ಉಬ್ಬಿದೆಯಾ ನೋಡಮ್ಮ. ಇದು ಮಸೂರ. ಲ್ಯಾಟಿನ್ನಲ್ಲೂ ಲೆನ್ಸ್ ಅಂದ್ರೆ ಇದೇ ಕಾಳು.” ನಾನು ಬಿಟ್ಟುಬಂದ ಪದಕ್ಕೂ ನನಗೆ ಹತ್ತಿರವಾಗದ ಪದಕ್ಕೂ ಮೂಲ ಒಂದೇ ಕಾಳು! ಆ ದಿನದಿಂದ ಪ್ರತಿ ಇಂಗ್ಲಿಷ್ ಪದದ ಪಕ್ಕ ಪೆನ್ಸಿಲಿನಲ್ಲಿ ಕನ್ನಡ ಪದ ಬರೆಯತೊಡಗಿದೆ. ಫೋಕಲ್ ಲೆಂತ್ ಪಕ್ಕ ಸಂಗಮದೂರ. ಕಿರಣಗಳು ಹೊಳೆಗಳ ಹಾಗೆ ಬಂದು ಕೂಡುವ ಜಾಗಕ್ಕಿರುವ ದೂರ. ಹಾಫ್ ಲೈಫ್ ಪಕ್ಕ ಅರ್ಧಾಯು.

ಎಲ್ಲ ಪದವೂ ಹೀಗೆ ಒಲಿಯಲಿಲ್ಲ. ಪೊಟೆನ್ಷಿಯಲ್ ಪಕ್ಕ ವಿಭವ ಎಂದು ಬರೆದೆ, ಎರಡೂ ಮೌನವಾಗಿಯೇ ಉಳಿದವು. ಅಂಥವಕ್ಕೆ ಲ್ಯಾಬಿಗೇ ಹೋಗಬೇಕು.

ಲ್ಯಾಬಿನಲ್ಲಿ ನನಗೆ ಒಲಿದ ಪ್ರಯೋಗವೂ ಮಸೂರದ್ದೇ. ಪೀಠದ ಮೇಲೆ ನಡುವೆ ಮಸೂರ, ಅದರ ಆಚೆಗೊಂದು ಪಿನ್ನು, ಈಚೆಗೊಂದು ಪಿನ್ನು. ಆಚೆಯ ಪಿನ್ನಿನ ಬಿಂಬ ತಲೆಕೆಳಗಾಗಿ ಗಾಳಿಯಲ್ಲಿ ನಿಂತಿರುತ್ತದೆ. ಈಚೆಯ ಪಿನ್ನನ್ನು ಸರಿಯಾಗಿ ಅದೇ ಜಾಗಕ್ಕೆ ತರಬೇಕು. ತುದಿಗೆ ತುದಿ ತಾಕಿದಂತೆ ಕಂಡರೆ ಸಾಲದು. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದಾಗ ಎರಡೂ ಬೇರೆಯಾಗದೆ ಒಟ್ಟಿಗೇ ಇರಬೇಕು. ಒಂದು ಜಾರಿದರೆ ಇನ್ನೂ ದೂರವಿದೆ ಎಂದರ್ಥ. ಪ್ಯಾರಲಾಕ್ಸ್ ತೆಗೆಯುವುದು ಎಂದರೆ ಇದೇ. ಯಾವುದು ನಮ್ಮ ತಲೆಯ ಜೊತೆ ಸಾಗುತ್ತದೋ ಅದು ದೂರದ್ದು, ಹಿಂದಕ್ಕೆ ಓಡುವಂತೆ ಕಾಣುವುದು ಹತ್ತಿರದ್ದು. ಮೇಷ್ಟ್ರು ಇದನ್ನು ಹೇಳುತ್ತಿದ್ದಂತೆ ಮೈ ಜುಮ್ಮೆಂದಿತು. ದಿನಾ ಮಾರಿಕುಪ್ಪಂ ಲೈನಿನ ರೈಲಿನ ಕಿಟಕಿಯಲ್ಲಿ ನಾನು ನೋಡುತ್ತಿದ್ದದ್ದೂ ಇದನ್ನೇ ಅಲ್ಲವೇ! ಕಂಬಗಳು ಹಿಂದಕ್ಕೆ ಓಡುತ್ತವೆ. ಕೆಜಿಎಫ್‌ನ ಚಿನ್ನದ ಗಣಿಗಳ ಬೂದು ಬಣ್ಣದ ಸೈನೈಡ್ ದಿಬ್ಬಗಳು ನಮ್ಮ ಜೊತೆಗೇ ಬರುತ್ತವೆ. ಮಸೂರದಿಂದ 30 ಸೆಂಟಿಮೀಟರಿನಲ್ಲಿ ಪಿನ್ನಿಟ್ಟಾಗ ಬಿಂಬವೂ ಈಚೆ 30ರಲ್ಲೇ, ಪಿನ್ನಿನಷ್ಟೇ ಎತ್ತರವಾಗಿ ನಿಂತಿತು. ಸಂಗಮದೂರ ಅದರರ್ಧ, 15. ಆ ಅಂಕಿಯನ್ನು ರೆಕಾರ್ಡಿನಲ್ಲಿ ಬರೆಯುವಾಗ ಮೊದಲ ಬಾರಿಗೆ, ಇದನ್ನು ನಾನೇ ಕಂಡುಕೊಂಡೆ ಅನ್ನಿಸಿತು.

ವರ್ಷದ ಕೊನೆಗೆ ಪರಮಾಣು ಬೀಜದ ಪಾಠ ಬಂತು. ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕಣ್ಣಿಗೆ ಬೀಳದ ಕಣವೊಂದು ಉಳಿದದ್ದನ್ನು ಹೊತ್ತೊಯ್ಯುತ್ತಿರಬೇಕು ಎಂದು ಭೌತವಿಜ್ಞಾನಿ ಪೌಲಿ 1930ರಲ್ಲಿ ಊಹಿಸಿದರು. ಅದೇ ನ್ಯೂಟ್ರಿನೊ. ಇಡೀ ಭೂಮಿಯನ್ನೇ ತೂರಿಹೋಗುವಂಥದ್ದು. ಅಷ್ಟು ಹೇಳಿ ಮೇಷ್ಟ್ರು ಪುಸ್ತಕ ಮುಚ್ಚಿ ಕಿಟಕಿಯಾಚೆ ಕೈತೋರಿಸಿದರು: “ವಾಯುಮಂಡಲದಲ್ಲಿ ಹುಟ್ಟೋ ನ್ಯೂಟ್ರಿನೊಗಳು ಮೊದಲು ಸಿಕ್ಕಿದ್ದರಲ್ಲಿ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯದೂ ಪಾಲಿದೆ, 1965ರಲ್ಲಿ.” ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ, ಡರ್ಹಮ್‌ಗಳ ವಿಜ್ಞಾನಿಗಳೊಂದಿಗೆ 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದ್ದರು. ಮೇಲಿನಿಂದ ಸುರಿಯುವ ವಿಶ್ವಕಿರಣಗಳನ್ನು ಅಷ್ಟು ದಪ್ಪದ ಬಂಡೆ ಬಹುಮಟ್ಟಿಗೆ ತಡೆದುಬಿಡುತ್ತದೆ. ಅದನ್ನೂ ಮೀರಿ ಒಂದು ಕಣ ಅಡ್ಡಲಾಗಿ ಬಂದರೆ, ಅದು ನ್ಯೂಟ್ರಿನೊ ಆ ಬಂಡೆಯಲ್ಲಿ ತಾಕಿ ಹುಟ್ಟಿಸಿದ್ದೇ ಆಗಿರಬೇಕು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅವು ಸಿಕ್ಕವು. ಚಿನ್ನಕ್ಕಾಗಿ ತೋಡಿದ ಆಳ ಎರಡೂ ಕಡೆ ಭೌತಶಾಸ್ತ್ರಕ್ಕೆ ಒದಗಿಬಂತು.

ನಮ್ಮ ಚಿಕ್ಕಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಅಂದು ರಾತ್ರಿ ಊಟವಾದ ಮೇಲೆ ಕೇಳಿದೆ.

“ಹೂಂ, ಸೈಂಟಿಸ್ಟುಗಳು ನಮ್ಮ ಜೊತೇನೇ ಕೇಜಿನಲ್ಲಿ ಇಳೀತಿದ್ರು” ಎಂದರು. ಅವರು ನೋಡಿದ್ದು ಎಂಬತ್ತರ ದಶಕದ, ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ಹುಡುಕುವ ಪ್ರಯೋಗ. “ಉದ್ದುದ್ದ ಕಬ್ಬಿಣದ ಕೊಳವೆ ಜೋಡಿಸಿ ಕಾಯ್ತಿದ್ರು. ಏನಕ್ಕೆ ಕಾಯ್ತಾರೆ ಅಂತ ನಮಗ್ಯಾರೂ ಹೇಳ್ಲಿಲ್ಲ.”

ನಾನು ಹೇಳಿದೆ. ಮಂಚದ ಮೇಲೆ ಕೂತು, ಪಾಠದ ಪುಟ ತೆರೆದಿಟ್ಟು, ಗೊತ್ತಿದ್ದಷ್ಟನ್ನೂ ಕನ್ನಡದಲ್ಲೇ ಹೇಳಿದೆ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ 6,000 ಕೋಟಿಯಷ್ಟು ಹಾದುಹೋಗುತ್ತವೆ ಎಂದಾಗ ಚಿಕ್ಕಪ್ಪ ಪೆಟ್ಟುಬಿದ್ದು ಕಪ್ಪಾಗಿದ್ದ ತಮ್ಮ ಉಗುರನ್ನು ದೀಪಕ್ಕೆ ಹಿಡಿದು ನೋಡಿದರು.

“ಈಗ ರಾತ್ರಿ ಅಲ್ವೇನಮ್ಮ, ಸೂರ್ಯ ಎಲ್ಲಿದಾನೆ?”

“ಭೂಮಿಯ ಆ ಕಡೆ.”

“ಹಾಗಾದ್ರೆ ಈಗ ಕೆಳಗಿನಿಂದ ಬರ್ತಿದಾವೆ,” ಎಂದರು, “ನಮ್ಮ ಗಣೀನೂ ದಾಟ್ಕೊಂಡು.”