ಆಡೂರಿನ ಹಂಡೆ, ಕಾಲುವೆಯ ದೋಣಿ

ಹಾನಗಲ್ಲಿಗೆ ಬಂದವರು ತಾರಕೇಶ್ವರ ಗುಡಿಯನ್ನು ನೋಡದೆ ಹೋಗುವುದಿಲ್ಲ. ತಲೆ ಎತ್ತಿ ನಿಂತರೆ ಛತ್ತಿನ ಕಲ್ಲಿನ ಕಮಲ ಕತ್ತು ನೋಯುವವರೆಗೂ ಬಿಡುವುದಿಲ್ಲ. ಅದೇ ತಾಲ್ಲೂಕಿನ ಆಡೂರಿಗೆ ಅಷ್ಟು ಜನ ಬರುವುದಿಲ್ಲ. ಇತಿಹಾಸ ಓದಿದವರಿಗೆ ಮಾತ್ರ ಹೆಸರು ಗೊತ್ತು, ಬಾದಾಮಿ ಚಾಲುಕ್ಯರ ಕಾಲದ ಶಾಸನ ಇರುವ ಊರು ಎಂದು. ನನಗೆ ಆಡೂರು ಎಂದರೆ ತವರುಮನೆ, ತವರುಮನೆ ಎಂದರೆ ಬಚ್ಚಲು. ನಗಬೇಡಿ. ಧಾರವಾಡದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು, ಬಿಸಿನೀರು ಹೇಗೆ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಕಲಿತದ್ದು ಆ ಬಚ್ಚಲಿನಲ್ಲಿಯೇ.

ಅಲ್ಲಿರುವ ತಾಮ್ರದ ಹಂಡೆ ನಮ್ಮಜ್ಜಿಯ ಕಾಲದ್ದು. ಮೂರು ಬಕೆಟ್ ನೀರು ಹಿಡಿಯುತ್ತದೆ. ಅದನ್ನು ಮಣ್ಣಿನ ಒಲೆಯಲ್ಲಿ ಹೂಳಿದ್ದಾರೆ. ಕೆಳಗೆ ಹತ್ತಿಕಟಗಿ, ಕಾಳು ಬಿಡಿಸಿದ ಗೋವಿನಜೋಳದ ತೆನೆ, ಮಾವಿನ ಒಣ ಟೊಂಗೆ. ಹೊಲದಿಂದ ಬಂದದ್ದೇ ಉರುವಲು, ಕಾಸಿನ ಖರ್ಚಿಲ್ಲ. ಆದರೆ ಹೊಗೆ? ಬಚ್ಚಲಿಗೆ ಒಂದು ಅಂಗೈ ಅಗಲದ ಕಿಂಡಿ. ಹೊಗೆಗೆ ಅದು ಸಾಲದು, ಪಡಸಾಲೆಯವರೆಗೂ ಬರುತ್ತದೆ.

ಈ ಸಲ ದಸರಾ ಮುಗಿಸಿ ಹೋದಾಗ ಅವ್ವನ ಕೆಮ್ಮು ಜೋರಾಗಿತ್ತು. ಎಂಬತ್ತೆರಡು ವರ್ಷ. ನಸುಕಿನಲ್ಲಿ ಎದ್ದು ಒಲೆ ಹೊತ್ತಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹಾವೇರಿಯ ಡಾಕ್ಟರು ಹೊಗೆಯ ಹತ್ತಿರ ಸುಳಿಯಬಾರದು ಎಂದು ಖಡಾಖಂಡಿತವಾಗಿ ಹೇಳಿದ್ದರು. ತಮ್ಮ ಅದಕ್ಕೆ ಉಪಾಯ ಮಾಡಿಟ್ಟಿದ್ದ.

"ಅಕ್ಕಾ, ಗ್ಯಾಸ್ ಗೀಜರ್ ತರತೀನಿ. ನಳ ತಿರುವಿದರ ಬಿಸಿನೀರು. ಕರೆಂಟೂ ಬೇಕಿಲ್ಲ."

"ಬಚ್ಚಲದಾಗ ಹಾಕತೀ ಏನು?"

"ಮತ್ತೆಲ್ಲಿ ಹಾಕೂದು?"

ಬೇಡ ಎಂದೆ. ಏಕೆ ಎಂದು ಅವನ ಮೊಮ್ಮಗ ಕೇಳಿದ. ಏಳನೇ ಇಯತ್ತೆಯ ಹುಡುಗ, ಯಾವುದನ್ನೂ ಸುಮ್ಮನೆ ಒಪ್ಪುವವನಲ್ಲ. ಮಕ್ಕಳೇ, ನೀವೂ ಕೇಳಿಸಿಕೊಳ್ಳಿ, ಇದು ಜೀವದ ಪ್ರಶ್ನೆ. ಗ್ಯಾಸು ಚೆನ್ನಾಗಿ ಉರಿಯಲು ಗಾಳಿ ಬೇಕು. ಬಾಗಿಲು ಹಾಕಿದ ಸಣ್ಣ ಬಚ್ಚಲಿನಲ್ಲಿ ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗದಲ್ಲಿ ಅದು ಹೋಗಿ ಕೂಡುತ್ತದೆ. ಸ್ನಾನಕ್ಕೆ ಹೋದವರು ತಲೆಸುತ್ತಿ ಕುಸಿದು ಮತ್ತೆ ಏಳದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಎಷ್ಟು ಸಲ ಬಂದಿಲ್ಲ! ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ, ಕೆಮ್ಮಿಸಿ ಎಚ್ಚರಿಸುತ್ತದೆ. ಇದು ಹಾಗಲ್ಲ. ಗ್ಯಾಸ್ ಗೀಜರ್ ಹಾಕಲೇಬೇಕೆಂದರೆ ಅದರ ಜಾಗ ಬಚ್ಚಲಿನ ಹೊರಗೆ, ಬಯಲಿನ ಗಾಳಿಯಲ್ಲಿ.

ಅದೇ ಸಂಜೆ ತಮ್ಮನ ಮಗಳು ಇಂಗ್ಲೆಂಡಿನಿಂದ ವಿಡಿಯೋ ಕಾಲ್ ಮಾಡಿದಳು. ಅವಳೂ ಗಂಡನೂ ಬರ್ಮಿಂಗ್‌ಹ್ಯಾಮ್ ಕಡೆ ಒಂದು ದೋಣಿಯಲ್ಲೇ ಮನೆ ಮಾಡಿದ್ದಾರೆ. ಆ ದೇಶದಲ್ಲಿ ಇನ್ನೂರು ಇನ್ನೂರೈವತ್ತು ವರ್ಷದ ಹಿಂದೆ ಕಲ್ಲಿದ್ದಲು ಸಾಗಿಸಲು ತೋಡಿದ ಕಾಲುವೆಗಳಿವೆ. ನಮ್ಮ ಹಾನಗಲ್ ತಾಲ್ಲೂಕಿನ ಧರ್ಮಾ ಕಾಲುವೆ ಗದ್ದೆಗೆ ನೀರುಣಿಸಲು ಹುಟ್ಟಿದ್ದು, ಅವು ಸರಕು ಹೊರಲು ಹುಟ್ಟಿದವು. ಅದರಲ್ಲಿ ಓಡುವ ದೋಣಿ ಏಳು ಅಡಿಯೂ ಅಗಲವಿಲ್ಲ, ಉದ್ದ ಮಾತ್ರ ರೈಲು ಡಬ್ಬಿಯ ಹಾಗೆ. ವೇಗವೋ, ಗಂಟೆಗೆ ನಾಲ್ಕು ಮೈಲಿ ದಾಟಬಾರದು. ದಂಡೆಯ ಮೇಲೆ ನಡೆಯುವ ಅಜ್ಜ ಹಿಂದೆ ಹಾಕಿ ಹೋದಾನು!

ಇವರ ದೋಣಿ ಡೀಸೆಲ್ಲಿನದಲ್ಲ, ಬ್ಯಾಟರಿಯದು. ವಿದ್ಯುತ್ ದೋಣಿ ನಮಗೂ ಹೊಸದಲ್ಲ. ಪಕ್ಕದ ಕೇರಳದಲ್ಲಿ ವೈಕಂ ಮತ್ತು ತವಣಕ್ಕಡವು ನಡುವೆ 2017ರಿಂದ 'ಆದಿತ್ಯ' ಎಂಬ ಸೌರ ದೋಣಿ 75 ಜನರನ್ನು ದಾಟಿಸುತ್ತಿದೆ. ಆದರೆ ಅದರಲ್ಲಿ ಕೂತವರು ಯಾರೂ ಎರೆದುಕೊಳ್ಳುವುದಿಲ್ಲವಲ್ಲ! ಇವಳ ಚಿಂತೆ ಅದೇ.

"ಅತ್ತೀ, ಡೀಸೆಲ್ ದೋಣಿಯೋರಿಗೆ ಬಿಸಿನೀರು ಪುಕ್ಕಟೆ. ನಮಗ ಮೋಟರ್ ಬಿಸೀನ ಆಗೂದಿಲ್ಲ. ಚಳಿಗಾಲ ಬಂತು, ಏನ್ ಮಾಡಬೇಕೋ ತಿಳೀವಲ್ದು."

ಅವಳು ಹೇಳಿದ್ದು ಸರಿ. ಡೀಸೆಲ್ ಎಂಜಿನ್ನು ಉರಿಸಿದ ಎಣ್ಣೆಯ ದೊಡ್ಡ ಪಾಲನ್ನು ಶಾಖವಾಗಿ ಕಳೆಯುತ್ತದೆ. ಎಂಜಿನ್ ತಂಪು ಮಾಡಿ ಬಂದ ಆ ಬಿಸಿನೀರನ್ನು ಸ್ನಾನದ ತೊಟ್ಟಿಯೊಳಗಿನ ತಾಮ್ರದ ಸುರುಳಿಯಲ್ಲಿ ಹಾಯಿಸಿದರೆ ತೊಟ್ಟಿಯ ನೀರೂ ಕಾಯುತ್ತದೆ. ವಿದ್ಯುತ್ ಮೋಟರು ಅಂಥ ದುಂದುಗಾರನಲ್ಲ. ಆದ್ದರಿಂದ ಹಂಚಲು ಅದರ ಬಳಿ ಶಾಖವೂ ಇಲ್ಲ.

ಹೀಗೆ ಒಂದೇ ಪಡಸಾಲೆಯಲ್ಲಿ ಎರಡು ಬಚ್ಚಲಿನ ಲೆಕ್ಕ ಶುರುವಾಯಿತು. ಹುಡುಗ ಪಾಟಿ ತಂದ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು. ಒಂದು ಯುನಿಟ್ ಕರೆಂಟಿನಲ್ಲಿ ಸುಮಾರು 860 ಕಿಲೋಕ್ಯಾಲೊರಿ ಇವೆ. ನಮ್ಮ ತೊಟ್ಟಿಯ ನೀರು ಬೆಳಗ್ಗೆ 24 ಡಿಗ್ರಿ ಇತ್ತು, ಸ್ನಾನಕ್ಕೆ 40 ಸಾಕು. ಇಪ್ಪತ್ತು ಲೀಟರಿನ ಒಂದು ಬಕೆಟ್ಟಿಗೆ 20 ಗುಣಿಸು 16, ಅಂದರೆ 320. ಅರ್ಧ ಯುನಿಟ್ಟೂ ಆಗಲಿಲ್ಲ, 0.37. ಅವಳ ತೊಟ್ಟಿಯ ನೀರು ಚಳಿಗಾಲದಲ್ಲಿ 5 ಡಿಗ್ರಿಗೆ ಇಳಿಯುತ್ತದಂತೆ. ಅಲ್ಲಿ 35 ಡಿಗ್ರಿ ಏರಿಸಬೇಕು, ಬಕೆಟ್ಟಿಗೆ 0.8 ಯುನಿಟ್. ದೋಣಿ ಒಂದು ಗಂಟೆ ಓಡಲು ಸುಮಾರು ಎರಡು ಯುನಿಟ್ ಬೇಕೆಂದು ಅವಳೇ ಹೇಳಿದಳು.

"ಹಂಗಾದ್ರ ಚಿಕ್ಕಮ್ಮ ಒಂದು ಬಕೀಟು ಜಳಕ ಮಾಡಿದ್ರ ದೋಣಿ ಇಪ್ಪತ್ನಾಕು ನಿಮಿಷ ನಿಂತಂಗ!" ಎಂದ ಹುಡುಗ. ಪಾಟಿಯ ಮೇಲೆ ಲೆಕ್ಕ ಸರಿಯಾಗಿತ್ತು.

ಮೊದಲು ಆಡೂರಿನದನ್ನು ಮುಗಿಸೋಣ ಎಂದುಕೊಂಡೆವು. ಕರೆಂಟಿನ ಗೀಜರ್ ಹಾಕಿದರೆ ಮನೆಯ ಆರು ಜನಕ್ಕೆ ದಿನಕ್ಕೆ ಎರಡೂಕಾಲು ಯುನಿಟ್, ತಿಂಗಳಿಗೆ ಹತ್ತಿರ ಹತ್ತಿರ 67. ಗೃಹಜ್ಯೋತಿಯಲ್ಲಿ ಕರೆಂಟು ಉಚಿತ ನಿಜ, ಆದರೆ ಎಷ್ಟು ಉಚಿತ ಎಂಬುದು ಮನೆಯ ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತಿದೆ. ಹೊಸದಾಗಿ 67 ಸೇರಿದರೆ ಕೈಯಿಂದ ಕೊಡಬೇಕಾಗುತ್ತದೆ. ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್ ಅಗ್ಗ. ಆದರೆ ಸ್ವಿಚ್ ಆರಿಸದೆ ನೀರಿಗೆ ಬೆರಳಿಟ್ಟು ನೋಡುವ ಚಾಳಿ ಅವ್ವನಿಗಿದೆ, ಅದನ್ನು ಚರ್ಚೆಗೇ ತರಲಿಲ್ಲ. ಹೀಟ್ ಪಂಪ್ ಎಂಬುದೂ ಉಂಟು. ತಿರುಗಿಸಿಟ್ಟ ಫ್ರಿಜ್ಜಿನಂತೆ ಹೊರಗಿನ ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುತ್ತದೆ. ಒಂದು ಯುನಿಟ್ಟಿಗೆ ಮೂರರಷ್ಟು ಕೆಲಸ ಮಾಡುತ್ತದೆ, ಬೆಲೆ ಕೇಳಿ ತಮ್ಮ ಕೈಮುಗಿದ.

ಉಳಿದದ್ದು ಸೋಲಾರ್. ತಮ್ಮನಿಗೆ ಮನಸ್ಸಿತ್ತು, ಮನೆಗೆ ಮಂಗಳೂರು ಹೆಂಚು. 150 ಲೀಟರಿನ ತೊಟ್ಟಿ ತುಂಬಿದರೆ ನೀರಿನ ಭಾರವೇ ಒಂದೂವರೆ ಕ್ವಿಂಟಲ್, ಹೆಂಚು ತಡೆದೀತೇ? ಬಚ್ಚಲಿನ ಮೇಲೆ ಮಾತ್ರ ಸ್ಲ್ಯಾಬ್ ಹಾಕಿಸಿದ್ದರು, ಅದು ಒದಗಿತು. ಅಲ್ಲಿಟ್ಟರೆ ಇನ್ನೊಂದು ಲಾಭ. ನಳ ಕೆಳಗೇ ಇರುವುದರಿಂದ ಪೈಪು ಗಿಡ್ಡ. ಪೈಪು ಉದ್ದವಾದಷ್ಟೂ ಅದರೊಳಗೆ ತಣ್ಣಗಾಗಿ ಕೂತ ನೀರನ್ನು ದಿನಾ ಚೆಲ್ಲಬೇಕು. ಅರ್ಧ ಇಂಚಿನ ಪೈಪು ಐವತ್ತು ಅಡಿ ಇದ್ದರೆ ಎರಡು ಲೀಟರಿಗೂ ಮೇಲೆ ವ್ಯರ್ಥ.

ತೊಡಕಾದದ್ದು ಅವ್ವ ನೆಟ್ಟ ಮಾವಿನ ಗಿಡ. ಸ್ಲ್ಯಾಬಿನ ದಕ್ಷಿಣಕ್ಕೇ ಅದು ನಿಂತಿದೆ, ಸೋಲಾರಿಗೆ ಬೇಕಾದದ್ದೂ ದಕ್ಷಿಣದ ಬಿಸಿಲೇ. ಹುಡುಗನನ್ನು ಸ್ಲ್ಯಾಬಿಗೆ ಹತ್ತಿಸಿ ಗಂಟೆಗೊಮ್ಮೆ ಸೀಮೆಸುಣ್ಣದಿಂದ ನೆರಳಿನ ಗೆರೆ ಎಳೆಸಿದೆ. ನೆರಳು ಅಂಚಿಗೆ ಬಂದು ನಿಂತಿತ್ತು. "ತಾಕೂದಿಲ್ಲ ಬಿಡ್ರಿ ಅಜ್ಜಿ" ಎಂದು ಗೆದ್ದವನಂತೆ ಇಳಿದ. ತಾಳು ಎಂದೆ. ಈಗ ಅಕ್ಟೋಬರು. ಡಿಸೆಂಬರಿನಲ್ಲಿ ಸೂರ್ಯ ಇನ್ನೂ ದಕ್ಷಿಣಕ್ಕೆ ಸರಿದಿರುತ್ತಾನೆ, ಮಧ್ಯಾಹ್ನದಲ್ಲೂ ಆಡೂರಿನಲ್ಲಿ ಸುಮಾರು 52 ಡಿಗ್ರಿಯಷ್ಟೇ ಎತ್ತರ. ನೆರಳು ಇನ್ನೂ ಚಾಚುತ್ತದೆ. ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಎರಡು ಟೊಂಗೆ ಕಡಿಯಬೇಕೆಂದಾಗ ಅವ್ವ ಮಾತಾಡಲಿಲ್ಲ. ಮರುದಿನ ತಾನೇ ಹೋಗಿ ಯಾವ ಟೊಂಗೆ ಎಂದು ತೋರಿಸಿದಳು. ಕಾಯಿ ಕಡಿಮೆ ಬಿಡುವವನ್ನೇ ಆರಿಸಿದ್ದಳು!

ಅವಳ ತಕರಾರು ಬೇರೆಯಿತ್ತು. "ಹಂಡೇ ತಗದ್ರ ದೀಪಾವಳಿಗೆ ನೀರು ತುಂಬೂದು ಎದರಾಗ? ಆ ಗಾಜಿನ ಕೊಳವಿಗೆ ಸುಣ್ಣ ಬಳದು ಬಳ್ಳಿ ಸುತ್ತತೀರೇನು?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಅಜ್ಜ-ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸಿಂಗರಿಸಿ, ಪೂಜೆ ಮಾಡಿ ತುಂಬಿದ ನೀರಿನಲ್ಲೇ ಮರುದಿನ ನಸುಕಿನ ಎಣ್ಣೆಸ್ನಾನ. ಜೊತೆಗೆ ಇನ್ನೊಂದು ವ್ಯಾವಹಾರಿಕ ಮಾತೂ ಇತ್ತು. ಆಷಾಢ-ಶ್ರಾವಣದಲ್ಲಿ ನಮ್ಮ ಕಡೆ ವಾರಗಟ್ಟಲೆ ಮೋಡ, ಸೋಲಾರ್ ನೀರು ಉಗುರುಬೆಚ್ಚಗೂ ಆಗದ ದಿನಗಳಿರುತ್ತವೆ. ಹಂಡೆ ಇರಲಿ, ಒಲೆ ಮಾತ್ರ ಹಿತ್ತಲಿನ ಬಯಲಿಗೆ ಹೋಗಲಿ, ಮೇಲೊಂದು ತಗಡಿನ ಮಾಡು, ಎತ್ತರದ ಹೊಗೆ ಕೊಳವೆ. ಹೊತ್ತಿಸುವವನು ತಮ್ಮ, ಅವ್ವ ಅಲ್ಲ. ಈ ಕೊನೆಯ ಷರತ್ತಿಗೆ ಅವಳನ್ನು ಒಪ್ಪಿಸಲು ಎರಡು ದಿನ ಹಿಡಿಯಿತು.

ದೋಣಿಯ ಸಂಗತಿ ಇಷ್ಟು ಸುಲಭವಾಗಿರಲಿಲ್ಲ. ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಮಧ್ಯಾಹ್ನದ ಸೂರ್ಯ ಏರುವುದು 14 ಡಿಗ್ರಿ ಮಾತ್ರ. ಮೋಡದ ದಿನ ಅವಳ ಫಲಕಗಳಿಂದ ಒಂದು ಯುನಿಟ್ಟೂ ಬಾರದಂತೆ. ಗ್ಯಾಸಿನ ಅಪಾಯ ದೋಣಿಯಲ್ಲಿ ಇಮ್ಮಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿಯುತ್ತದೆ. ಮನೆಯಲ್ಲಾದರೆ ಹೊಸ್ತಿಲು ದಾಟಿ ಹೋದೀತು. ದೋಣಿಯ ತಳ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಬೋಗುಣಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಸಿಲಿಂಡರಿಗೆ ಬೇರೆಯೇ ಗೂಡು, ಸೋರಿದ್ದು ಹೊರಕ್ಕೆ ಹರಿಯಲು ಅದಕ್ಕೊಂದು ತೂತು.

ಅವಳು ಕೊನೆಗೆ ಆರಿಸಿಕೊಂಡದ್ದು ಹೀಗೆ. ಶಾಖ ಸೋರದಂತೆ ದಪ್ಪ ಹೊದಿಕೆಯಿರುವ 55 ಲೀಟರಿನ ತೊಟ್ಟಿ. ಬೇಸಿಗೆಯಲ್ಲಿ ಬ್ಯಾಟರಿ ತುಂಬಿದ ಮೇಲೆ ಮಿಕ್ಕ ಸೌರ ಕರೆಂಟು ಅದರೊಳಗಿನ ಕಾಯಿಲ್ಲಿಗೆ. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ಕಟ್ಟಿಗೆ ಒಲೆಯ ಬೆನ್ನಿಗೇ ಒಂದು ನೀರಿನ ಪೆಟ್ಟಿಗೆ. ಅಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೇರಿ ತೊಟ್ಟಿಗೆ ಹೋಗುತ್ತದೆ, ತಣ್ಣನೆಯದು ಕೆಳಗಿಳಿದು ಬರುತ್ತದೆ, ಪಂಪು ಬೇಡ. ಸ್ಲ್ಯಾಬಿನ ಮೇಲಿನ ನಮ್ಮ ಸೋಲಾರಿನಲ್ಲೂ ನೀರು ತಿರುಗುವುದು ಹೀಗೆಯೇ. ಹಂಡೆಯ ಮೇಲಿನ ನೀರು ಸುಡುವಾಗ ತಳಕ್ಕೆ ಕೈಹಾಕಿದರೆ ಇನ್ನೂ ಬೆಚ್ಚಗಷ್ಟೇ ಇರುವುದಿಲ್ಲವಲ್ಲ, ಏಕೆ ಎಂದು ಹುಡುಗನಿಗೆ ಕೇಳಿದ್ದೇನೆ. ನೀವೂ ಯೋಚಿಸಿ. ವಿಷಾನಿಲ ಬಂದರೆ ಕಿರುಚುವ ಅಲಾರಂ ಅವಳ ಕೋಣೆಯಲ್ಲಿದೆ. ಜನ ವಾಸಿಸುವ ದೋಣಿಗಳಲ್ಲಿ 2019ರಿಂದ ಅದು ಕಡ್ಡಾಯ.

ದೀಪಾವಳಿಗೆ ಮುಂಚೆಯೇ ಸ್ಲ್ಯಾಬಿನ ಮೇಲೆ ಸೋಲಾರ್ ಕೂತಿತು. ಬೋರಿನ ನೀರು ಗಡಸು, ಕೊಳವೆಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ವರ್ಷಕ್ಕೊಮ್ಮೆ ತೆಗೆಸಬೇಕೆಂದು ತಮ್ಮ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾನೆ. ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ. ರಾತ್ರಿ ಮೂರ್ನಾಲ್ಕು ಸಲ ಎದ್ದು ಕೂಡುತ್ತಿದ್ದವಳು ಈಗ ಒಂದು ಸಲ ಏಳುತ್ತಾಳೆ. ಹಬ್ಬದ ದಿನ ದೋಣಿಯಿಂದ ಕಾಲ್ ಬಂತು. ಹೊರಗೆ ಮಂಜು, ಒಳಗೆ ಒಲೆ, ತೊಟ್ಟಿಯ ನೀರು 48 ಡಿಗ್ರಿ ಎಂದು ಸೊಸೆ ಹೆಮ್ಮೆಯಿಂದ ಮೀಟರ್ ತೋರಿಸಿದಳು. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಎಲ್ಲಾ ಛಲೋ ಆತು. ಬೆನ್ನು ತಿಕ್ಕೋರು ಯಾರವ್ವಾ ಅಲ್ಲಿ?"