ಪೋರ್ಟ್ ಆಫ್ ಸ್ಪೇನ್‌ನಲ್ಲಿ ಮೊದಲ ಮಾತು

ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಂಗಡಿಗೆ ಕಾಲಿಟ್ಟವರು ಮೊದಲು ‘ಗುಡ್ ಮಾರ್ನಿಂಗ್’ ಅನ್ನಬೇಕು, ಬೆಲೆ ಕೇಳುವುದು ಆಮೇಲೆ. ಬ್ಯಾಂಕು, ದವಾಖಾನೆ, ಬಾಡಿಗೆ ಕಾರು, ಎಲ್ಲೆಡೆಯೂ ಇದೇ ರೂಢಿ. ಮಾತಾಡಿಸದೆ ಒಳಬಂದವರನ್ನು ಒರಟರೆಂದೇ ಎಣಿಸುತ್ತಾರೆ. ಹೊಸಬರು ಕಲಿಯಲೇಬೇಕಾದ ಮೊದಲ ಪಾಠವಿದು. ಕತ್ತಲಾದ ಮೇಲೆ ಎದುರಾದವರಿಗೆ ಹೇಳುವ ‘ಗುಡ್ ನೈಟ್’ ಅಲ್ಲಿ ಬೀಳ್ಕೊಡುಗೆಯಲ್ಲ, ನಮಸ್ಕಾರ.

ಊರೊಳಗೆ ಓಡಾಡಲು ಮ್ಯಾಕ್ಸಿ ಟ್ಯಾಕ್ಸಿಗಳಿವೆ. ಬಿಳಿ ವ್ಯಾನಿನ ಮೇಲಿನ ಪಟ್ಟೆಯ ಬಣ್ಣ ಮಾರ್ಗವನ್ನು ತಿಳಿಸುತ್ತದೆ. ಪೂರ್ವದ ಕಡೆ ಹೋಗುವವಕ್ಕೆ ಕೆಂಪು ಪಟ್ಟೆ. ಚಿಲ್ಲರೆ ಕೈಯಲ್ಲಿರಲಿ. ಉಡುಪಿನ ಬಗ್ಗೆಯೂ ಎಚ್ಚರವಿರಲಿ: ಸೈನಿಕರ ಮಾದರಿಯ ಮಚ್ಚೆಮಚ್ಚೆ ಬಟ್ಟೆಯನ್ನು ನಾಗರಿಕರು ತೊಡುವುದು ಕಾನೂನುಬಾಹಿರ, ಮಕ್ಕಳಿಗೂ ವಿನಾಯಿತಿಯಿಲ್ಲ. ಕಡಲತೀರದ ಉಡುಪು ತೀರಕ್ಕೇ ಮೀಸಲು.

ಬೆಳಗಿನ ತಿಂಡಿಗೆ ರಸ್ತೆಬದಿಯ ‘ಡಬಲ್ಸ್’ ತಿನ್ನದೆ ಬರಬಾರದು. ಅರಿಸಿನ ಬೆರೆಸಿ ಕರಿದ ಮೆತ್ತನೆಯ ಎರಡು ‘ಬಾರಾ’ ರೊಟ್ಟಿ, ಮೇಲೆ ಕಾಬೂಲಿ ಕಡಲೆಯ ಪಲ್ಯ. 1845ರಿಂದ ಕಬ್ಬಿನ ತೋಟಗಳ ಕೂಲಿಗೆ ಹಡಗೇರಿ ಬಂದ ಭಾರತೀಯರ ಅಡುಗೆಯಿಂದ ಹುಟ್ಟಿದ ತಿನಿಸಿದು. ಖಾರ ಎಷ್ಟೆಂದು ಕೇಳಿದರೆ ಮೊದಲ ಸಲ ‘ಸ್ಲೈಟ್’ ಎಂದರೆ ಸಾಕು. ಜಗತ್ತಿನ ಅತಿ ಖಾರದ ಮೆಣಸಿನಕಾಯಿಗಳಲ್ಲಿ ಒಂದಾದ ಮೊರುಗಾ ಸ್ಕಾರ್ಪಿಯನ್ ಈ ದ್ವೀಪದ್ದೇ.