ಪಾಸೋ ರಿಜೆಕ್ಟೋ: ಪಿಲ್ಲಗುಂಪೆಯ ಗೆಳೆಯರಿಗೊಂದು ಕಾಗದ

ಪ್ರಿಯ ಓದುಗ ಮಿತ್ರರೇ,

ಪಿಲ್ಲಗುಂಪೆಯ ಕಾರ್ಖಾನೆಯಿಂದ ನೀವು ಬರೆದ ಕಾಗದ ಕೈಸೇರಿತು. ‘ಬೆಂಗಳೂರಲ್ಲೇ 25 ಕ್ಯೂಬಿಟ್‌ಗಳ ಕ್ವಾಂಟಮ್ ಕಂಪ್ಯೂಟರ್ ಬಂದಾಯ್ತಲ್ಲ, ಇನ್ನೇನು ಬಾಕಿ?’ ಎಂದು ಕೇಳಿದ್ದೀರಿ. ಶಿಫ್ಟ್ ಮುಗಿಸಿ ಬಂದು ಇಂಥ ಪ್ರಶ್ನೆ ಹಾಕುವ ಓದುಗರಿದ್ದರೆ ಬರೆಯುವವರಿಗೆ ಹುಮ್ಮಸ್ಸು.

ನೀವು ಓದಿದ್ದು ಕ್ಯೂಪಿಐಎಐ ಕಂಪನಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ‘ಇಂಡಸ್’ ಯಂತ್ರದ ಸುದ್ದಿ. ಅದರ ಕ್ಯೂಬಿಟ್‌ಗಳು, ಅಂದರೆ ಮಾಹಿತಿ ಹಿಡಿದಿಡುವ ಘಟಕಗಳು, ಸೂಪರ್‌ಕಂಡಕ್ಟರ್ ಸರ್ಕ್ಯೂಟ್‌ಗಳು. ಇಂಥವನ್ನು ಮೈನಸ್ 273 ಡಿಗ್ರಿಯ ಹತ್ತಿರಕ್ಕೆ ತಣಿಸಿಟ್ಟರೂ, ಚೂರು ಶಾಖ, ಚೂರು ವಿದ್ಯುತ್ಕಾಂತೀಯ ಗದ್ದಲ ತಾಗಿದರೆ ಸಾಕು, ಲೆಕ್ಕ ಕೆಡುತ್ತದೆ. ಬಾಕಿ ಇರುವುದು ಈ ತಪ್ಪನ್ನು ತಿದ್ದುವ ಕೆಲಸ.

ಮಾಮೂಲಿ ಕಂಪ್ಯೂಟರಿನಲ್ಲಾದರೆ ಮೂರು ಪ್ರತಿ ತೆಗೆದಿಟ್ಟು, ಎರಡು ಹೇಳಿದ್ದೇ ಸರಿ ಎನ್ನಬಹುದು. ಕ್ಯೂಬಿಟ್ಟಿನ ಸ್ಥಿತಿಗೆ ಪ್ರತಿ ತೆಗೆಯಲು ಬರುವುದಿಲ್ಲ. ಅಳೆದು ನೋಡಿದರೆ ಅದೇ ಕೆಟ್ಟುಹೋಗುತ್ತದೆ. ದಾರಿ ತೋರಿಸಿದವರು ಪೀಟರ್ ಶೋರ್. ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತರಲ್ಲಿ ಹರಡಿಟ್ಟು ಕಾಪಾಡುವ ಬಗೆಯನ್ನು 1995ರಲ್ಲಿ ಪ್ರಕಟಿಸಿದರು.

ಅಳೆಯದೆ ತಪ್ಪು ಹಿಡಿಯುವುದು ಹೇಗೆ? ನೀವು ದಿನಾ ಹಿಡಿಯುವ ಗೋ–ನೋ ಗೋ ಗೇಜನ್ನೇ ನೆನೆಯಿರಿ. ತೂತಿನ ಅಳತೆ ಎಷ್ಟೆಂದು ಅದು ಹೇಳುವುದಿಲ್ಲ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು, ಅಷ್ಟೆ. ಇಲ್ಲೂ ತಪಾಸಣೆಗೆಂದೇ ಇಟ್ಟ ಕ್ಯೂಬಿಟ್‌ಗಳು ನೆರೆಯವನ್ನು ‘ನೀನು ಸೊನ್ನೆಯೋ ಒಂದೋ’ ಎಂದು ಕೇಳುವುದಿಲ್ಲ. ನಿಮ್ಮ ನಡುವೆ ಹೊಂದಾಣಿಕೆ ಕೆಟ್ಟಿದೆಯೇ ಎಂದಷ್ಟೇ ಕೇಳುತ್ತವೆ. ಉತ್ತರಗಳನ್ನು ಜೋಡಿಸಿದರೆ ತಪ್ಪು ಎಲ್ಲಿ ಬಿತ್ತೆಂದು ಗೊತ್ತಾಗುತ್ತದೆ; ಒಳಗಿನ ಲೆಕ್ಕ ಹಾಗೇ ಉಳಿಯುತ್ತದೆ.

ಇದಕ್ಕೊಂದು ಷರತ್ತಿದೆ. ಒಂದೊಂದು ಕ್ಯೂಬಿಟ್ಟಿನ ತಪ್ಪೂ ಒಂದು ಮಿತಿಗಿಂತ ಕೆಳಗಿರಬೇಕು. ಮೀರಿದರೆ, ಕ್ಯೂಬಿಟ್ ಸೇರಿಸಿದಷ್ಟೂ ತಪ್ಪೇ ಹೆಚ್ಚುತ್ತದೆ. ಗೂಗಲ್‌ನ ‘ವಿಲೋ’ ಚಿಪ್ 2024ರ ಡಿಸೆಂಬರಿನಲ್ಲಿ ಹೆಸರು ಮಾಡಿದ್ದು ಇದೇ ಕಾರಣಕ್ಕೆ. ಕ್ಯೂಬಿಟ್‌ಗಳ ಜಾಲವನ್ನು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ಹಿಗ್ಗಿಸಿದಾಗ ಪ್ರತಿ ಹೆಜ್ಜೆಗೂ ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ನೂರೊಂದು ಕ್ಯೂಬಿಟ್ ದುಡಿದು ಕಾಪಾಡಿದ್ದು ಒಂದೇ ಒಂದು ನೆಚ್ಚಬಹುದಾದ ಕ್ಯೂಬಿಟ್ಟನ್ನು! ಅಂಥ 200 ಇರುವ ಯಂತ್ರವನ್ನು 2029ರ ಹೊತ್ತಿಗೆ ಕಟ್ಟುತ್ತೇವೆಂದು ಐಬಿಎಂ ಹೇಳಿದೆ.

ನಮ್ಮಲ್ಲಿ? 3×3 ಜಾಲಕ್ಕೆ ತಪಾಸಣೆಯವೂ ಸೇರಿ 17 ಕ್ಯೂಬಿಟ್ ಬೇಕು. ಬರೀ ಎಣಿಕೆಯಲ್ಲಿ 25 ಸಾಕು, ಗುಣಮಟ್ಟವೇ ಪರೀಕ್ಷೆ. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್, ಎಂಟು ವರ್ಷದಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರಗಳ ಗುರಿ ಇಟ್ಟಿದೆ. ಅದರ ಕಂಪ್ಯೂಟಿಂಗ್ ಕೇಂದ್ರ ನಮ್ಮ ಐಐಎಸ್‌ಸಿಯಲ್ಲೇ ಇದೆ. ಆ ಗುರಿಯಲ್ಲಿ ಎಣಿಕೆಯ ಜೊತೆ ತಪ್ಪಿನ ಲೆಕ್ಕವನ್ನೂ ನಾವು ಕೇಳುತ್ತಿರಬೇಕು ಎಂಬುದು ನನ್ನ ಆಸೆ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ ‘ಎಷ್ಟು ಕ್ಯೂಬಿಟ್?’ ಎಂಬಲ್ಲಿಗೇ ನಿಲ್ಲಬೇಡಿ. ‘ಜಾಲ ದೊಡ್ಡದಾದಾಗ ತಪ್ಪು ಇಳಿಯಿತೇ?’ ಎಂದು ಹುಡುಕಿ. ಎಷ್ಟು ಪೀಸ್ ಬಂತು ಎನ್ನುವುದಕ್ಕಿಂತ ಎಷ್ಟು ಪಾಸಾಯಿತು ಎಂದು ನೋಡುವ ನಿಮಗೆ ಈ ಪ್ರಶ್ನೆ ಕೇಳಲು ಯಾರ ಪಾಠವೂ ಬೇಕಿಲ್ಲ. ಉತ್ತರ ಸಿಕ್ಕಾಗ ನನಗೂ ಬರೆಯಿರಿ.

ನಿಮ್ಮ ವಿಶ್ವಾಸಿ